ಬೆಸುಗೆಯ ಅಡಿಯಲ್ಲಿ ಅರದಕ್ಕನ ಕೈ

ಬೆಳಕು ಹರಿಯುವ ಹೊತ್ತು. ಕಾಲೇಜಿನ ಹಿಂಬದಿಯ ವರ್ಕ್‌ಶಾಪಿನಲ್ಲಿ ಒಂದೇ ದೀಪ ಉರಿಯುತ್ತಿದೆ. ಐವತ್ತು ದಾಟಿದ ಹೆಂಗಸೊಬ್ಬರು ಉಕ್ಕಿನ ಪೈಪಿನ ತುದಿಯನ್ನು ಅರದಿಂದ ಕರಕರ ಉಜ್ಜುತ್ತಿದ್ದಾರೆ. ಉಜ್ಜಿದ್ದನ್ನು ಇನ್ನೊಂದು ಪೈಪಿನ ಮೈಗೆ ಒತ್ತಿ ದೀಪದತ್ತ ಎತ್ತಿ ಹಿಡಿಯುತ್ತಾರೆ. ಸಂದಿಯಲ್ಲಿ ಬೆಳಕಿನ ಗೆರೆ ಇಣುಕುತ್ತದೆ. "ಇನ್ನೂ ಮುನಿಸು ಹೋಗಿಲ್ಲ ಇವಕ್ಕೆ," ಎಂದು ನಕ್ಕು ಮತ್ತೆ ಉಜ್ಜುತ್ತಾರೆ.

ಇಲ್ಲಿನ ವಿದ್ಯಾರ್ಥಿಗಳು ಪ್ರತಿವರ್ಷ ಕೈಯಾರೆ ಒಂದು ರೇಸ್ ಕಾರು ಕಟ್ಟುತ್ತಾರೆ. ಅದರ ಚೌಕಟ್ಟಿನ ಪೈಪುಗಳು ಒಂದಕ್ಕೊಂದು ಸರಿಯಾಗಿ ಕೂರುವಂತೆ ತುದಿಗಳನ್ನು ಉಜ್ಜಿಕೊಡುವವರು ಇವರು. ಎಲ್ಲರ ಬಾಯಲ್ಲೂ ಅರದಕ್ಕ. ದಿನಕ್ಕೆ ಐದಾರು ತುದಿ ಮುಗಿದರೆ ಹೆಚ್ಚು. ಆಮೇಲೆ ಬೆಸುಗೆ ಬಿದ್ದು ಅವರ ಕೆಲಸ ಅದರಡಿ ಮುಚ್ಚಿಹೋಗುತ್ತದೆ.

ಮೊದಲು ಇದು ಗಂಡನ ಕೆಲಸವಾಗಿತ್ತು. ಯಂತ್ರಕ್ಕೆ ಸಿಕ್ಕಿ ಅವರ ಬಲಗೈ ಬೆರಳುಗಳು ಮಡಚದಂತಾದವು. ಮನೆಯಲ್ಲಿ ಓದುವ ಇಬ್ಬರು ಹೆಣ್ಣುಮಕ್ಕಳು. "ಇವ್ರು ಪಕ್ಕದಲ್ಲಿ ಸ್ಟೂಲ್ ಹಾಕ್ಕೊಂಡು ಕೂತು ಕಲಿಸಿದ್ರು. ಅಂಗೈಯೆಲ್ಲ ಬೊಬ್ಬೆ, ನನ್ ಜಡೆ ಮಗಳೇ ಹಾಕೋಳು. ಇವ್ರು ಮಾತ್ರ 'ಇನ್ನೊಂದ್ಸಲ ಉಜ್ಜೇ' ಅನ್ನೋರು!"

ಈ ಸಲ ಸ್ಪರ್ಧೆಗೆ ಮುನ್ನ ಚೌಕಟ್ಟಿನ ಪರೀಕ್ಷೆ ನಡೆಯಿತು. ಹಿಂಭಾಗವನ್ನು ಬಿಗಿದು, ಮುಂದಿನ ಒಂದು ಬದಿಗೆ ಭಾರ ತೂಗುಹಾಕಿದರು. ಎಲ್ಲೂ ಬಿರುಕಿಲ್ಲ, ಆದರೆ ಮೂತಿ ಲೆಕ್ಕ ಮೀರಿ ತಿರುಚಿಕೊಂಡಿತು.

"ಗಟ್ಟಿ ಇದ್ರೆ ಸಾಕು ಅಂದ್ಕೊಂಡಿದ್ದೆ ನಾನು. 'ಬಿಗಿಯಾಗೂ ಇರ್ಬೇಕು ಅಕ್ಕಾ, ಇಲ್ಲಾಂದ್ರೆ ತಿರುವಲ್ಲಿ ಚಕ್ರ ನನ್ ಮಾತೇ ಕೇಳಲ್ಲ' ಅಂದ್ಲು ಕಾರು ಓಡಿಸೋ ಹುಡುಗಿ."

ತೂಕ ಇಳಿಸಲೆಂದು ಬಿಟ್ಟಿದ್ದ ಓರೆ ಪೈಪೊಂದನ್ನು ಮತ್ತೆ ಸೇರಿಸಬೇಕೆಂದು ವಿದ್ಯಾರ್ಥಿಗಳು ತೀರ್ಮಾನಿಸಿದರು. ಆದರೆ ಬೆಸುಗೆ ಮುಗಿದ ಚೌಕಟ್ಟಿನೊಳಗೆ ಅದನ್ನು ಎರಡೂ ತುದಿ ಕೂರುವಂತೆ ತೂರಿಸಬೇಕು. ಮೊದಲನೆಯ ಪೈಪು ಕೂದಲೆಳೆಯಷ್ಟು ಗಿಡ್ಡವಾಗಿ ಕೆಟ್ಟಿತು. ಉಳಿದದ್ದು ಒಂದೇ ತುಂಡು. ಅರದಕ್ಕ ಗಡಿಬಿಡಿಯಿಂದ ಉಜ್ಜತೊಡಗಿದರು. ಪಕ್ಕದ ಸ್ಟೂಲಿನಲ್ಲಿದ್ದ ಗಂಡ ಎದ್ದು ಬಂದು, ಮಡಚದ ಕೈಯಿಂದಲೇ ಪೈಪನ್ನು ಒತ್ತಿ ಹಿಡಿದರು.

"ಅವಸರ ಮಾಡ್ಬೇಡ ಕಣೇ. ಪೈಪೇನು ಓಡಿಹೋಗಲ್ಲ."

ಸಂಜೆಯ ಹೊತ್ತಿಗೆ ಅದು ಕೂತಿತು. ಮರುಪರೀಕ್ಷೆಯಲ್ಲಿ ತಿರುಚು ಅರ್ಧಕ್ಕಿಂತ ಕೆಳಗಿಳಿಯಿತು. ಹುಡುಗರು ಕುಣಿದಾಡಿದರು.

ಸ್ಪರ್ಧೆಗೆ ಗಂಡಹೆಂಡತಿಯನ್ನೂ ಕರೆದೊಯ್ದರು. ತಿರುವುಗಳಲ್ಲಿ ಕಾರು ಹುಡುಗಿ ಹೇಳಿದಂತೆ ಕೇಳಿತು. ಆದರೆ ಕೊನೆಯ ಸುತ್ತಿನಲ್ಲಿ ಮುಂದಿದ್ದ ಕಾರೊಂದು ಗಕ್ಕನೆ ನಿಂತಿತು. ಅದನ್ನು ತಪ್ಪಿಸಲು ಹೋಗಿ ಹುಡುಗಿಯ ಕಾರು ಅಂಚಿನ ಕಲ್ಲಿಗೆ ಬಡಿದು ಮಗುಚಿಬಿತ್ತು. ಹುಡುಗಿಯ ತಲೆಯ ಮೇಲಿನ ಉಕ್ಕಿನ ಕಮಾನು ಮಾತ್ರ ಜಗ್ಗಲಿಲ್ಲ. ಅವಳು ಬೆಲ್ಟು ಬಿಚ್ಚಿ ತೆವಳಿಕೊಂಡು ಹೊರಬಂದಳು, ಹೆಲ್ಮೆಟ್ ತೆಗೆದು ಕೈ ಬೀಸಿದಳು. ಮೈಮೇಲೆ ತರಚು ಗಾಯವೂ ಇರಲಿಲ್ಲ.

ಬಹುಮಾನ ಕೈತಪ್ಪಿತು. ಅರದಕ್ಕನಿಗೆ ಅದರ ಚಿಂತೆಯಿಲ್ಲ.

"ಎಲ್ರೂ ಹುಡುಗಿ ಸುತ್ತ ನಿಂತಿದ್ರು. ನಾನೂ ಅವಳ ತಲೆ ಸವರಿ, ಮೆಲ್ಲಗೆ ಕಾರಿನ ಹತ್ರ ಹೋದೆ. ಒಂದೊಂದೇ ಜಾಯಿಂಟ್ ಮುಟ್ಟಿ ನೋಡ್ದೆ," ಎನ್ನುತ್ತಾರೆ, ಸೆರಗಿನಿಂದ ಕೈಯ ಉಕ್ಕಿನ ಪುಡಿ ಒರೆಸಿಕೊಳ್ಳುತ್ತ. "ಒಂದೂ ಬಾಯಿ ಬಿಟ್ಟಿರ್ಲಿಲ್ಲ."