ಅಳುವ ಬಾಯಿಗೆ ಹಾಲು

ಅಕ್ಕಲಕೋಟೆಯಲ್ಲಿ ಕೂಸಿಗೆ ಒಳಲೆ ರೂಢಿ ಮಾಡಿಸಬೇಕೆಂದರೆ ಚಂದ್ರಭಾಗಾಬಾಯಿಯನ್ನೇ ಕರೆಯಬೇಕು, ಬೇರೆ ಮಾತಿಲ್ಲ. ಒಳಲೆ ಅಂದರೆ ಮುಂದಕ್ಕೆ ಚಾಚಿದ ಮೂತಿಯಿರುವ ಪುಟ್ಟ ಬೆಳ್ಳಿ ಬಟ್ಟಲು. ಆ ಕಡೆಯ ಮಂದಿ ಮರಾಠಿಯವರ ಹಾಗೆ ಬೋಂಡಲ ಎನ್ನುತ್ತಾರೆ. ಎದೆಹಾಲು ಸಾಲದವರು, ಜ್ವರ ಹಿಡಿದು ಮಲಗಿದವರು, ಕೈಕೂಸಿರುವಾಗಲೇ ಮತ್ತೆ ಬಸುರಾದವರು, ಎಲ್ಲರ ಮನೆಯಿಂದಲೂ ಆಕೆಗೆ ಕರೆ ಬರುತ್ತಿತ್ತು.

ಆಕೆಯ ವಿದ್ಯೆ ಏನು ಮಹಾ ದೊಡ್ಡದಲ್ಲ. ಕೂಸಿನ ತಲೆ ಮೊಣಕೈಯ ಮಡಿಕೆಯಲ್ಲಿ ಎತ್ತರಕ್ಕಿರಬೇಕು. ಬಟ್ಟಲ ಮೂತಿ ಬಾಯಿಯ ನಡುವೆ ಹೋಗಬಾರದು, ತುಟಿಯ ಒಂದು ಕೊನೆಗೆ ಮುಟ್ಟಬೇಕು. ಒಂದು ಹನಿ ಬಿಟ್ಟು ಕಾಯಬೇಕು, ಗುಟುಕ್ಕೆಂದರೆ ಇನ್ನೊಂದು. ನಿದ್ದೆಗಣ್ಣಿನಲ್ಲಿ ಹಾಕಬಾರದು, ಅಳುವಾಗಂತೂ ದೇವರು ಬಂದು ಹೇಳಿದರೂ ಹಾಕಬಾರದು. ಮನೆಮನೆಯ ಅಜ್ಜಿಯರ ದಾರಿಯೇ ಬೇರೆಯಿತ್ತು. ಚಾಚಿದ ಕಾಲ ಮೇಲೆ ಕೂಸನ್ನು ಅಂಗಾತ ಕೆಡವಿ, ಮೂಗು ಒತ್ತಿ ಹಿಡಿದು, ಅದು ಉಸಿರಿಗಾಗಿ ಬಾಯಿ ತೆರೆದಾಗ ಸುರಿಯುವುದು. ಆಮೇಲೆ ಎಷ್ಟು ಚೆಂದ ಕುಡಿಯಿತು ನೋಡಿ ಎಂದು ಓಣಿಗೆಲ್ಲ ಡಂಗುರ. ಕುಡಿಯದೆ ಏನು ಮಾಡೀತು ಪಾಪ? ಅಂಥ ಅಜ್ಜಿಯರನ್ನು ಚಂದ್ರಭಾಗಾಬಾಯಿ ಎದುರಿಗೇ ಬೈಯುತ್ತಿದ್ದಳು, ಅವರು ಬೈಸಿಕೊಳ್ಳುತ್ತಲೂ ಇದ್ದರು.

ಆಕೆಯ ಬಾಳುವೆ ಹೇಳಿಕೊಳ್ಳುವಂಥದ್ದಲ್ಲ. ಹದಿಮೂರಕ್ಕೆ ಮದುವೆಯಾಗಿ ಸಲಗರ ಬುದ್ರುಕಕ್ಕೆ ಹೋದಳು. ಹೋದ ವರ್ಷವೇ ಅತ್ತೆ ಹೆರಿಗೆಯಲ್ಲಿ ತೀರಿಕೊಂಡು ಎಳೆ ಮೈದುನ ಈಕೆಯ ಉಡಿಗೆ ಬಿದ್ದ. ಒಳಲೆ ಹಿಡಿಯಲು ಕಲಿತದ್ದು ಅವನಿಗಾಗಿ. ತನಗೆ ಮಕ್ಕಳಾಗಲಿಲ್ಲ. ಮೂವತ್ತಕ್ಕೆ ಗಂಡ ಹೋದ. ಹಾಲು ಹಾಕಿ ಬೆಳೆಸಿದ ಮೈದುನ ಹೆಂಡತಿ ಬಂದ ಮೇಲೆ ಅತ್ತಿಗೆಗೆ ಬಾಗಿಲು ತೋರಿಸಿದ. ಆಗ ತಮ್ಮ ನಾಗಣ್ಣನೇ ಕರೆತಂದದ್ದು. ಅವನು ಸೊಲ್ಲಾಪುರದಲ್ಲಿ ನೂಲಿನ ವ್ಯಾಪಾರಿ. ಅಕ್ಕಲಕೋಟೆಯ ಹಳೆಯ ಮನೆಯನ್ನು ಬಾಡಿಗೆಗೆ ಕೊಟ್ಟು, ಹಿಂದಿನ ಒಂದು ಖೋಲಿಯನ್ನು ಅಕ್ಕನಿಗೆ ಬಿಟ್ಟಿದ್ದ. ವರ್ಷದ ಜೋಳವನ್ನೂ ಕಳಿಸುತ್ತಿದ್ದ. ಸೂರು ತಮ್ಮನದು, ರೊಟ್ಟಿ ತಮ್ಮನದು. ತನ್ನದು ಎನ್ನಲು ಆಕೆಗಿದ್ದದ್ದು ಆ ಕೈಗುಣ ಒಂದೇ, ಅದರ ಮೇಲೆ ಆಕೆಗೆ ತುಸು ಜಂಬವೂ ಇತ್ತು.

೧೯೭೪ರ ಜೂನಿನಲ್ಲಿ ನಾಗಣ್ಣ ಹೇಳಿಕಳಿಸಿದ: ಅಕ್ಕ ಕೂಡಲೇ ಬರಬೇಕು. ಅವನ ಸೊಸೆ ಮಂದಾಕಿನಿ ಕನ್ನಡ ಶಾಲೆಯಲ್ಲಿ ಬಾಯಿ, ಅಂದರೆ ಮಾಸ್ತರಿಣಿ. ಮಾರ್ಚಿನಲ್ಲಿ ಗಂಡು ಹೆತ್ತಿದ್ದಳು. ಕೂಸಿಗೆ ಮನೆತನದ ಹಿರಿಯನ ಹೆಸರು ಸಾತಲಿಂಗ ಎಂದೇ ಇಟ್ಟು, ಎಲ್ಲರೂ ಸಾತು ಎಂದು ಕರೆಯುತ್ತಿದ್ದರು. ಬಾಣಂತನದ ರಜೆ, ಬೇಸಿಗೆಯ ರಜೆ ಎರಡೂ ಮುಗಿಯುತ್ತ ಬಂದಿದ್ದವು. ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಶಾಲೆ ತೆರೆದ ದಿನ ಹಾಜರಾಗದಿದ್ದರೆ ಆ ಜಾಗಕ್ಕೆ ಹತ್ತು ಮಂದಿ ಕಾದಿದ್ದರು. ಗಂಡ ಬಸವರಾಜ ಬ್ಯಾಂಕಿನ ಕ್ಲರ್ಕು, ಹೆಂಡತಿ ದುಡಿಯುವುದಕ್ಕೆ ಅವನ ತಕರಾರಿರಲಿಲ್ಲ. ತಕರಾರಿದ್ದದ್ದು ಅತ್ತೆ ಉಮಾಬಾಯಿಗೆ. ವ್ಯಾಪಾರಸ್ಥರ ಮನೆಯ ಸೊಸೆ ಪಾಟಿ-ಪುಸ್ತಕ ಹಿಡಿದು ಬೀದಿ ಸುತ್ತುವುದು ಯಾವ ಶಾಸ್ತ್ರ ಎಂದು ಆಕೆ ಬಂದವರನ್ನೆಲ್ಲ ಕೇಳುತ್ತಿದ್ದಳು.

ಸಾತು ಹಟಮಾರಿ. ಮೊದಲ ನಾಲ್ಕು ದಿನ ತಾಯಿಯ ಹಾಲನ್ನೇ ಹಿಂಡಿ ಬಟ್ಟಲಿಗೆ ಹಾಕಿ ನೋಡಿದರೂ ನಾಲಿಗೆಯಿಂದ ಹೊರಕ್ಕೆ ದಬ್ಬಿದ. ಐದನೆಯ ದಿನ ಏನು ಮನಸ್ಸು ಬಂತೋ, ಎರಡು ಬಟ್ಟಲು ಕುಡಿದು ನಕ್ಕ. ಚಂದ್ರಭಾಗಾಬಾಯಿಗೆ ಸ್ವರ್ಗ ಮೂರೇ ಗೇಣು. ಆದರೆ ಹಿಂಡಿಟ್ಟ ಹಾಲು ಸೆಕೆಗೆ ಸಂಜೆತನಕ ನಿಲ್ಲುವುದಿಲ್ಲ; ಆಕಳ ಹಾಲಿಗೆ ನೀರು ಬೆರೆಸಿ ಹಾಕಿದಾಗ ಮತ್ತೆ ಮುಖ ತಿರುವಿದ. ಇನ್ನೊಂದು ವಾರವಾದರೂ ಬೇಕು ಎಂದು ಆಕೆ ಹೇಳಿದಳು. ಎಲ್ಲಿಂದ ತರಬೇಕು ವಾರ? ಶಾಲೆ ಸೋಮವಾರವೇ ತೆರೆಯುವುದಿತ್ತು.

ಆ ಸೋಮವಾರ ಹತ್ತೂವರೆಗೆ ಮೊಲೆ ಕೊಟ್ಟು, ಕೂಸನ್ನು ಚಂದ್ರಭಾಗಾಬಾಯಿಯ ಕೈಗಿತ್ತು ಮಂದಾಕಿನಿ ಹೊರಟಳು. ಬಾಗಿಲಲ್ಲಿ ನಿಂತು ಗಂಡನ ಸೋದರತ್ತೆಗೆ, "ಆತ್ಯಾ, ನಿಮ್ಮ ಮ್ಯಾಲ ಬಿಟ್ಟು ಹೊಂಟೀನ್ರಿ," ಎಂದಳು. ತಿರುಗಿ ನೋಡಿದರೆ ಹೋಗಲಾಗುವುದಿಲ್ಲವೆಂದು ನೋಡದೆ ಹೋದಳು.

ಒಂದು ಗಂಟೆಗೆ ಸಾತು ಅಳತೊಡಗಿದ. ಆಕೆ ಹೆಗಲಿಗೆ ಹಾಕಿಕೊಂಡು ಅಡ್ಡಾಡಿದಳು, ತೊಟ್ಟಿಲು ತೂಗಿದಳು, ತಾಯಿಯ ಹಳೆಯ ಸೀರೆಯಲ್ಲಿ ಸುತ್ತಿಕೊಂಡು ಕೂತಳು. ತುಸು ಸುಮ್ಮನಾದಾಗ ಒಂದು ಹನಿ ಮುಟ್ಟಿಸಿದರೆ ಮತ್ತೆ ಚೀರುತ್ತಿದ್ದ. ಮೂರು ಗಂಟೆಯ ಹೊತ್ತಿಗೆ ದನಿಯೇ ಬಿದ್ದುಹೋಗಿತ್ತು. ಮಧ್ಯಾಹ್ನದ ನಿದ್ದೆ ಕೆಟ್ಟ ಉಮಾಬಾಯಿ ಎದ್ದು ಬಂದಳು. ಓಣಿಯ ಹೆಂಗಸರು ಕಿಟಕಿಯಲ್ಲಿ ಇಣುಕುತ್ತಿದ್ದರು, ಅದು ಆಕೆಯ ಸಿಟ್ಟಿಗೆ ತುಪ್ಪ ಸುರಿಯಿತು. ಕಿಟಕಿ ಮುಚ್ಚಿ, ಕೂಸನ್ನು ಕಸಿದು ಕಾಲ ಮೇಲೆ ಅಂಗಾತ ಹಾಕಿಕೊಂಡು ಎರಡು ಬೆರಳಿಂದ ಮೂಗು ಹಿಡಿದಳು.

"ಹಾಕ್ರಿ, ಬಾಯಿ ತಗದಾನ," ಎಂದಳು.

ಅಳುವಾಗ ಬೇಡ ಎಂದಳು ಚಂದ್ರಭಾಗಾಬಾಯಿ.

"ನಲವತ್ತು ಕೂಸಿಗಿ ಕಲಿಸೀನಿ ಅಂತ ಊರ ತುಂಬ ಹೇಳ್ಕೋತ ತಿರಗತೀರಿ ಅಕ್ಕಾರ. ನಮ್ಮ ಮನಿ ಕೂಸಿಗಿ ಅಷ್ಟ ಬರೂದಿಲ್ಲೇನು ನಿಮ್ಮ ವಿದ್ಯಾ?"

ಮಾತು ನೆಟ್ಟಗೆ ಜಂಬಕ್ಕೇ ನಾಟಿತು. ಹಸಿದ ಕೂಸಿನ ಮೇಲಿನ ಮರುಕವೂ ಇತ್ತು, ಇಲ್ಲವೆಂದಲ್ಲ. ಆದರೆ ಆ ಹೊತ್ತಿನಲ್ಲಿ ಆಕೆಯ ಕೈಯನ್ನು ಮುಂದೆ ಒಯ್ದದ್ದು ಜಂಬವೇ. ಇದು ತಪ್ಪು ಎಂದು ಇಡೀ ತಾಲೂಕಿನಲ್ಲಿ ಯಾರಿಗಾದರೂ ಗೊತ್ತಿದ್ದರೆ ಆಕೆಗೇ ಗೊತ್ತಿತ್ತು. ಗೊತ್ತಿದ್ದೂ ಬಟ್ಟಲನ್ನು ಬಗ್ಗಿಸಿದಳು.

ಹಾಲು ನೆತ್ತಿಗೆ ಹತ್ತಿತು. ಸಾತು ಕೆಮ್ಮಲೂ ಆಗದೆ ಕೈಕಾಲು ಬಡಿದ, ತುಟಿ ನೀಲಿಯಾಯಿತು. ಆಕೆ ಬೋರಲು ಹಾಕಿ ಬೆನ್ನು ತಟ್ಟಿದಳು. ಒಂದಿಷ್ಟು ಹಾಲು ಮೂಗಿನಿಂದ ಬಂತು; ಉಸಿರು ತಿರುಗಿತು. ಸಣ್ಣಗೆ ನರಳಿ ನಿದ್ದೆ ಹೋದ. ನೋಡಿರಿ, ಹೊಟ್ಟೆ ತುಂಬಿತು, ಮಲಗಿದ ಎಂದಳು ಉಮಾಬಾಯಿ.

ಸಂಜೆ ಐದರ ಮೇಲೆ ಮುಂಗಾರಿನ ಮೊದಲ ಮಳೆ ಬಿತ್ತು. ಮಂದಾಕಿನಿ ನಿಲ್ಲಲು ಮನಸ್ಸಾಗದೆ ನೆನೆದುಕೊಂಡೇ ಓಡಿ ಬಂದಳು. ಕುಡಿದನೇ ಎಂದು ಕೇಳಿದಳು. ಕುಡಿದ ಎಂದರು ಇಬ್ಬರೂ. ಸೀರೆ ಬದಲಿಸುವಷ್ಟೂ ತಾಳ್ಮೆಯಿಲ್ಲದೆ, ಒದ್ದೆ ಮೈಯಲ್ಲೇ ಕೂಸನ್ನು ಎತ್ತಿ ಎದೆಗೆ ಹಾಕಿಕೊಂಡಳು. ಅವನು ನಾಲ್ಕು ಸಲ ಚೀಪಿ ಬಿಟ್ಟ.

ಮರುದಿನ ಜ್ವರ ಬಂತು. ಬುಧವಾರ ಉಸಿರಿಗೊಮ್ಮೆ ಪಕ್ಕೆ ಒಳಗೆಳೆಯತೊಡಗಿದಾಗ ದವಾಖಾನೆಗೆ ಒಯ್ದರು. ಡಾಕ್ಟರು ಎದೆಗೆ ನಳಿಗೆ ಇಟ್ಟು ಕೇಳಿ, ಹಾಲು ಕುಡಿಯುವಾಗ ನೆತ್ತಿಗೇನಾದರೂ ಹತ್ತಿತ್ತೇ ಎಂದು ವಿಚಾರಿಸಿದರು.

"ಇಲ್ಲರಿ ಸಾಹೇಬ್ರ," ಎಂದಳು ಉಮಾಬಾಯಿ, ಯಾರೂ ಬಾಯಿ ತೆರೆಯುವ ಮೊದಲೇ. "ತಾಯಿ ಮಳ್ಯಾಗ ನೆನಕೊಂಡು ಬಂದು ಹಂಗೇ ಮೊಲಿ ಕೊಟ್ಟಾಳ. ಕೂಸಿಗಿ ಥಂಡಿ ಹತ್ತೇದ."

ಆ ಮಾತನ್ನು ನಂಬದ ಮನೆ ಸೊಲ್ಲಾಪುರದಲ್ಲಿ ಆಗ ಒಂದೂ ಇದ್ದಿರಲಿಕ್ಕಿಲ್ಲ. ತಾಯಿಗೆ ಥಂಡಿಯಾದರೆ ಹಾಲಿಗೆ ಥಂಡಿ, ಹಾಲಿಗಾದರೆ ಕೂಸಿಗೆ. ಗೋಡೆಗೆ ಒರಗಿ ನಿಂತಿದ್ದ ಮಂದಾಕಿನಿ ಹೌದೆಂದು ತಲೆಯಾಡಿಸಿದಳು. ಚಂದ್ರಭಾಗಾಬಾಯಿ ಒಂದು ಹೆಜ್ಜೆ ಮುಂದೆ ಬಂದಿದ್ದಳು. ಉಮಾಬಾಯಿ ತಿರುಗಿ ನೋಡಿದಳು, ಅಷ್ಟೇ. ಮುಂದೆ ಬಂದವಳು ನಿಂತಲ್ಲೇ ನಿಂತಳು, ಡಾಕ್ಟರು ಬೇರೆ ರೋಗಿಯ ಕಡೆಗೆ ಹೋದರು.

ಗುರುವಾರ ಬೆಳಿಗ್ಗೆ ಸಾತು ಹೋದ. ಮಣ್ಣು ಮಾಡಿ ಬಂದರು.

ತಾಯಿಯ ಮೇಲೆ ಮಾತು ಬರಲು ಎಷ್ಟು ಹೊತ್ತು? ನೌಕರಿಯ ಹುಚ್ಚಿಗೆ ಕೂಸನ್ನು ಬಿಟ್ಟು ಹೋದವಳು, ಒದ್ದೆ ಮೈಯಲ್ಲಿ ಮೊಲೆ ಕೊಟ್ಟವಳು. ಬಂದವರಿಗೆಲ್ಲ ಉಮಾಬಾಯಿ ಹೇಳಿದಳು, ಹೇಳಿ ಹೇಳಿ ತಿಂಗಳೊಪ್ಪತ್ತಿನಲ್ಲಿ ತಾನೂ ನಂಬಿಬಿಟ್ಟಳು. ಮಂದಾಕಿನಿ ಮತ್ತೆ ಶಾಲೆಯ ಮೆಟ್ಟಿಲು ಹತ್ತಲಿಲ್ಲ. ಯಾರೂ ಕೇಳದಿದ್ದರೂ ತಾನಾಗಿ, ನಾನು ನೆನೆದು ಬಂದಿದ್ದೆ ಎನ್ನುತ್ತಿದ್ದಳು.

ಚಂದ್ರಭಾಗಾಬಾಯಿ ಅಕ್ಕಲಕೋಟೆಗೆ ಮರಳಿದಳು. ಕರೆ ಬಂದರೆ ಕೈ ನಡುಗುತ್ತದೆ ಎಂದು ಹೇಳಿ ಕಳಿಸುತ್ತಿದ್ದಳು. ಸತ್ಯ ಆಕೆಗೆ ಗಂಟಲಲ್ಲಿ ಸಿಕ್ಕ ಬಿಸಿ ತುಪ್ಪವಾಗಿತ್ತು, ನುಂಗಲಾಗದು, ಉಗುಳಲಾಗದು. ಒಮ್ಮೆ ನಾಗಣ್ಣನಿಗೆ ಹೇಳಲು ಹೊರಟಳು. ಅವನಿಗೆ ಎಷ್ಟು ಗೊತ್ತಿತ್ತೋ, ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಮಾತಾಡಿದ: ಆದದ್ದು ಆಯಿತು, ಹಳೆಯದನ್ನು ಕೆದಕಿದರೆ ಮನೆ ಉಳಿಯುವುದಿಲ್ಲ, ನಿನ್ನ ಖೋಲಿಯ ಮಾಳಿಗೆ ಸೋರುತ್ತದಲ್ಲ, ರಿಪೇರಿ ಮಾಡಿಸುತ್ತೇನೆ. ಆಕೆಗೆ ಅರ್ಥವಾಯಿತು. ಮಾಳಿಗೆ ರಿಪೇರಿಯಾಯಿತು, ಆಕೆ ಅದರ ಕೆಳಗೆ ಬಾಯಿ ಮುಚ್ಚಿಕೊಂಡು ಎರಡು ವರ್ಷ ಕೂತಳು. ಹೇಡಿತನ ಎನ್ನಿ, ಅನ್ನಬಾರದು ಎಂದು ಯಾರೂ ಹೇಳುವುದಿಲ್ಲ. ಅರವತ್ತರ ಹತ್ತಿರದ ವಿಧವೆಗೆ ಬೇರೆ ಸೂರು ಎಲ್ಲಿತ್ತು ಎಂದೂ ಅದರ ಜೊತೆಗೇ ಕೇಳಿಕೊಳ್ಳಿ.

೧೯೭೬ರ ಶ್ರಾವಣದಲ್ಲಿ ಒಂದು ಮಧ್ಯಾಹ್ನ ಮಂದಾಕಿನಿ ಎಸ್ಟಿ ಬಸ್ಸಿಳಿದು ಬಂದಳು. ಬಸವರಾಜ ಅವಳನ್ನು ಬಾಗಿಲಿಗೆ ಬಿಟ್ಟು ಗುಡಿಗೆ ಹೋದ. ಅವಳು ಆರು ತಿಂಗಳ ಬಸುರಿ, ಆದರೂ ಮುಖ ಬತ್ತಿತ್ತು. ನೀರು ಕುಡಿದು, ಸೆರಗಿನ ತುದಿ ತಿರುವುತ್ತ ಕೂತು, ಬಂದ ಕೆಲಸ ಹೇಳಿದಳು. ಹೆರಿಗೆಗೆ ಆತ್ಯಾ ಬರಬೇಕು. ಹುಟ್ಟಿದ ದಿನದಿಂದಲೇ ಕೂಸಿಗೆ ಒಳಲೆಯಲ್ಲಿ ಆಕಳ ಹಾಲು ಹಾಕಬೇಕು. ತಾನು ಎದೆಗೆ ಬಟ್ಟೆ ಬಿಗಿದು ಹಾಲು ಬತ್ತಿಸಿಕೊಳ್ಳುತ್ತಾಳೆ.

"ನನ್ನ ಹಾಲು ಆಗಿ ಬರೂದಿಲ್ಲರಿ ಆತ್ಯಾ," ಎಂದಳು. "ಈ ಕೂಸಿಗಿ ನಾ ಒಂದು ಹನಿನೂ ಕೊಡಾಂಗಿಲ್ಲ."

ಹುಟ್ಟಿದ ದಿನದ ಕೂಸಿಗೆ ಆಕಳ ಹಾಲು ಎಂದರೆ ಏನು ಎಂಬುದು ಚಂದ್ರಭಾಗಾಬಾಯಿಗೆ ಗೊತ್ತಿತ್ತು. ತಾಯಿಯಿಲ್ಲದ ಅಂಥ ಕೂಸುಗಳಲ್ಲಿ ಎಷ್ಟು ಉಳಿದವು, ಎಷ್ಟು ಹೋದವು ಎಂಬುದೂ ಗೊತ್ತಿತ್ತು. ಇಲ್ಲಿ ತಾಯಿ ಇದ್ದಾಳೆ, ಹಾಲೂ ಬರುತ್ತದೆ. ಒಂದು ಸುಳ್ಳು ಒಂದು ಕೂಸಿನ ಸಾವನ್ನು ಮುಚ್ಚಿಹಾಕಿ, ಇನ್ನೊಂದು ಹುಟ್ಟುವುದನ್ನೇ ಕಾಯುತ್ತಿತ್ತು. ಈಗ ಬಾಯಿ ಬಿಟ್ಟರೆ ಖೋಲಿ ಹೋಗುತ್ತದೆ. ಹೋಗಲಿ ಅನ್ನುವ ಧೈರ್ಯ ಆಕೆಗೆ ಬಂದದ್ದು ಆಗಲೇ, ಎರಡು ವರ್ಷ ತಡವಾಗಿ.

"ಮಂದಾ, ನಿನ್ನ ಹಾಲಿಂದ ಏನೂ ಆಗಿಲ್ಲವ್ವಾ. ಆವತ್ತ ಮಧ್ಯಾಹ್ನ ಸಾತು ಅಳಾಕತ್ತಿದ್ದ. ಅಳೂವಾಗ ನಾ ಬಾಯಾಗ ಹಾಲು ಸುರಿದೆ. ನೆತ್ತಿಗಿ ಹತ್ತಿ ನೀಲಿ ಆದ. ಮಳಿ ಬರೂಕಿಂತ ಮೊದಲ, ನೀ ಬರೂಕಿಂತ ಮೊದಲ ಆಗಿದ್ದದು."

ಉಮಾಬಾಯಿ ಮೂಗು ಹಿಡಿದದ್ದನ್ನು ಆಕೆ ಹೇಳಲಿಲ್ಲ. ಸುರಿದ ಕೈ ತನ್ನದು.

ಮಂದಾಕಿನಿ ಅಳುತ್ತಾಳೆ, ಬೈಯುತ್ತಾಳೆ, ಮೈಮೇಲೆ ಬರುತ್ತಾಳೆ ಎಂದು ಆಕೆ ಕಾದಳು.

"ಸಾತು ಎಷ್ಟೊತ್ತು ಅತ್ತಿದ್ದರಿ?" ಎಂದಷ್ಟೇ ಕೇಳಿದಳು ಮಂದಾಕಿನಿ.

"ಎರಡು ತಾಸು."

"ಎರಡು ವರ್ಷ ಆತು. ಮಳಿ ಬಂದ್ರ ಖಿಡಕಿ ಹಾಕ್ಕೊಂಡು ಕುಂಡ್ರತೀನಿ ನಾನು. ಅದರ ಸಪ್ಪಳಾ ಕೇಳಾಕ ಆಗೂದಿಲ್ಲ ನನಗ." ಮತ್ತೆ ಕೇಳಿದಳು, "ಡಾಕ್ಟರು ಕೇಳಿದಾಗ ನೀವೂ ಅಲ್ಲೇ ಇದ್ರಿ. ಆಗ ಹೇಳಿದ್ರ ಉಳೀತಿದ್ದನೇನ್ರಿ?"

ಇಲ್ಲ, ಆಗಲೂ ಉಳಿಯುತ್ತಿರಲಿಲ್ಲ ಎನ್ನಬಹುದಿತ್ತು. ಎದುರಿಗಿದ್ದವಳಿಗೂ ಅದರಿಂದ ತುಸು ಸಮಾಧಾನ ಸಿಗುತ್ತಿತ್ತೇನೋ. ಆದರೆ ಚಂದ್ರಭಾಗಾಬಾಯಿ ಇನ್ನೊಂದು ಸುಳ್ಳು ಹೇಳಲಿಲ್ಲ.

"ಗೊತ್ತಿಲ್ಲವ್ವಾ," ಎಂದಳು. "ಉಳೀತಿದ್ದನೋ ಏನೋ."

ಮಂದಾಕಿನಿ ಚೀಲ ಎತ್ತಿಕೊಂಡು ಹೊರಗೆ ಹೋಗಿ, ಬಿಸಿಲಲ್ಲೇ ಕಟ್ಟೆಯ ಮೇಲೆ ಕೂತಳು. ಒಳಗೆ ಬಾ ಎಂದರೆ ಬರಲಿಲ್ಲ. ಬಸವರಾಜ ಬಂದಾಗ ಎದ್ದು, ಆತ್ಯಾ ಹೆರಿಗೆಗೆ ಬರುವುದಿಲ್ಲ ಎಂದಷ್ಟೇ ಅವನಿಗೆ ಹೇಳಿ ನಡೆದಳು.

ಸೊಲ್ಲಾಪುರದ ಆ ಮನೆಯಲ್ಲಿ ಆಮೇಲೆ ಏನೇನು ಮಾತಾಯಿತೋ ಯಾರಿಗೂ ಗೊತ್ತಾಗಲಿಲ್ಲ. ಅಕ್ಕನಿಗೆ ವಯಸ್ಸಾಯಿತು, ತಲೆ ಸರಿಯಿಲ್ಲ, ಇಲ್ಲದ್ದನ್ನು ಹೇಳುತ್ತಾಳೆ ಎಂದು ನಾಗಣ್ಣ ಬೀಗರಲ್ಲಿ ಹೇಳಿಕೊಂಡ. ದೀಪಾವಳಿಗೆ ಜೋಳ ಬರಲಿಲ್ಲ; ಹಿಂದಿನ ಖೋಲಿಯೂ ಬಾಡಿಗೆಯವರಿಗೆ ಬೇಕಾಯಿತು. ಮಂದ್ರೂಪದಲ್ಲಿ ರತ್ನಾಬಾಯಿ ಎಂಬ ಒಕ್ಕಲಗಿತ್ತಿಯ ಮನೆಯಲ್ಲಿ ರೊಟ್ಟಿ ಬಡಿಯಲು ಹೆಣ್ಣಾಳು ಬೇಕಿತ್ತು, ಆಕೆ ಅಲ್ಲಿಗೆ ಹೋದಳು. ಚಳಿಗಾಲ ಮುಗಿಯುವ ಹೊತ್ತಿಗೆ ಸೊಲ್ಲಾಪುರದಿಂದ ಬಂದ ನೆಂಟರೊಬ್ಬರು ಉಣ್ಣುತ್ತ ಕೂತು ಅದೂ ಇದೂ ಹೇಳುತ್ತಿದ್ದರು: ನೂಲಿನ ನಾಗಣ್ಣನ ಸೊಸೆ ಹೆಣ್ಣು ಹೆತ್ತಿದ್ದಾಳೆ, ಗಟ್ಟಿ ಹೆಂಗಸು, ಅತ್ತೆ ಬೇಡಬೇಡವೆಂದರೂ ಕೇಳದೆ ತಾನೇ ಮೊಲೆ ಕೊಡುತ್ತಾಳೆ, ಕೂಸು ಗುಂಡಗಿದೆ. ರತ್ನಾಬಾಯಿ ಒಳಗೆ ತಿರುಗಿ ಇನ್ನೊಂದು ರೊಟ್ಟಿ ತರಲು ಕೂಗಿದಳು. ರೊಟ್ಟಿ ತಂದು ಬಡಿಸಿದ ಮುದುಕಿ ಯಾರು ಎಂದು ಆ ನೆಂಟರು ಕೇಳಲಿಲ್ಲ, ಆಕೆಯೂ ಹೇಳಲಿಲ್ಲ.