ಆಕಳ ಪಾಲಿನ ರೊಟ್ಟಿ

ನನ್ನ ತವರು ಸಿರುಗುಪ್ಪ ತಾಲೂಕಿನ ಕೆಂಚನಗುಡ್ಡದ ಕಡೆ. ಹೊಳೆ ನೀರು, ಭತ್ತದ ಗದ್ದೆ, ಮೂರು ಹೊತ್ತೂ ಅನ್ನ. ಅರ್ಧ ನೆಂಟರು ತೆಲುಗಿನವರು. ಬಿಸಿ ಅನ್ನಕ್ಕೆ ಬೇಳೆಯ ಪಪ್ಪು, ಮೇಲಿಷ್ಟು ತುಪ್ಪ ಬಿದ್ದರೆ ಮತ್ತೇನನ್ನೂ ಕೇಳುವವರಲ್ಲ. ಮದುವೆಯಾಗಿ ಸೇರಿದ್ದು ಮಾತ್ರ ಕುರುಗೋಡಿನ ಒಂದು ರೊಟ್ಟಿ ಮನೆಗೆ. ಅಲ್ಲಿ ಜೋಳದ ರೊಟ್ಟಿ ಇಲ್ಲದಿದ್ದರೆ ಅದು ಊಟದ ಲೆಕ್ಕಕ್ಕೇ ಇಲ್ಲ.

ನನ್ನ ಅತ್ತೆಯ ಒಲೆಯ ಪಕ್ಕದಲ್ಲಿ ಎರಡು ಜಾಗಗಳಿದ್ದವು. ಒಂದು, ಬಿಳಿ ಬಟ್ಟೆ ಹಾಸಿದ ರೊಟ್ಟಿ ಬುಟ್ಟಿ. ಇನ್ನೊಂದು, ಅಂಚು ಕಿತ್ತುಹೋದ ಹಳೆಯ ಮೊರ. ಚೆನ್ನಾಗಿ ಉಬ್ಬಿದ, ಅಂಚು ಬಿರಿಯದ ರೊಟ್ಟಿ ಬುಟ್ಟಿಗೆ ಹೋಗುತ್ತಿತ್ತು, ಅದು ಮನೆಮಂದಿಗೆ. ಸೊಟ್ಟಗಾದದ್ದು, ಬಿರಿದದ್ದು, ಸೀದದ್ದು ಮೊರಕ್ಕೆ, ಅಲ್ಲಿಂದ ಹಿತ್ತಲಿನ ಆಕಳಿಗೆ. ಹೊಸ ಸೊಸೆಯಾಗಿ ನಾನು ಬಡಿದದ್ದೆಲ್ಲ ಆ ಆಕಳ ಹೊಟ್ಟೆ ಸೇರಿತು. "ಅನ್ನದ ಊರಾಕಿ, ಪಾಪ" ಎಂದು ಅತ್ತೆ ನಗುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಬಳ್ಳಾರಿಯ ಗಾಂಧಿನಗರದಲ್ಲಿ ನಾವು ಬೇರೆ ಮನೆ ಮಾಡಿದ ಮೇಲೆ ರೊಟ್ಟಿಯ ಸಹವಾಸವನ್ನೇ ಬಿಟ್ಟೆ. ಕೌಲ್ ಬಜಾರಿನಲ್ಲಿ ಮನೆಯಲ್ಲೇ ರೊಟ್ಟಿ ಮಾಡಿ ಮಾರುವವರಿದ್ದಾರೆ. ಆಫೀಸಿನಿಂದ ಬರುವಾಗ ಕಟ್ಟಿಸಿಕೊಂಡು ಬರುತ್ತೇನೆ, ಅದರಲ್ಲಿ ನನಗೆ ಎಳ್ಳಷ್ಟೂ ನಾಚಿಕೆಯಿಲ್ಲ.

ಇಂಥ ನನ್ನ ಹೊಟ್ಟೆಯಲ್ಲಿ ಅಡುಗೆ ಮನೆ ಬಿಟ್ಟು ಕದಲದ ಮಗಳು ಹುಟ್ಟಿದ್ದಾಳೆ. ಐದನೇ ತರಗತಿಗೆ ಬರುವ ಹೊತ್ತಿಗೆ ಮಂಡಕ್ಕಿ ನೆನೆಸಿ ಒಗ್ಗರಣೆ ಹಾಕುವುದನ್ನು ಕಲಿತಿದ್ದಳು. ನಾನೂ ಹಿಗ್ಗಿ ಹೀರೇಕಾಯಿಯಾದೆ. ಆನ್‌ಲೈನಿನಲ್ಲಿ ಬಿಳಿ ಟೋಪಿ, ಏಪ್ರನ್ ತರಿಸಿದೆ. ಅವಳು ಏನು ಮಾಡಿದರೂ "ಸೂಪರ್" ಎಂದೆ, ಫೋಟೊ ತೆಗೆದು ಸ್ಟೇಟಸ್‌ಗೆ ಹಾಕಿದೆ. ಒಮ್ಮೆ ಚಿತ್ರಾನ್ನಕ್ಕೆ ಉಪ್ಪು ಹಾಕುವುದನ್ನೇ ಮರೆತಿದ್ದಳು, ಅದಕ್ಕೂ ಸೂಪರ್ ಎಂದು ಉಪ್ಪಿನಕಾಯಿ ಹಚ್ಚಿಕೊಂಡು ತಿಂದೆ. ಮಕ್ಕಳಿಗೆ ಹುರುಪು ತುಂಬುವುದೆಂದರೆ ಹೀಗೆ ಎಂಬುದು ನನ್ನ ನಂಬಿಕೆಯಾಗಿತ್ತು.

ದಸರಾ ರಜೆಗೆ ಕುರುಗೋಡಿಗೆ ಹೋದಾಗ ಅವಳ ಕಣ್ಣು ಅಜ್ಜಿಯ ರೊಟ್ಟಿಯ ಮೇಲೆ ಬಿತ್ತು. ಅಜ್ಜಿಯ ಕೈಯಡಿ ಹಿಟ್ಟಿನ ಉಂಡೆ ತಿರುಗುತ್ತ ತಿರುಗುತ್ತ ಅಗಲವಾಗುವುದನ್ನು ಬಾಯಿ ತೆರೆದುಕೊಂಡು ನೋಡಿದಳು. ಆಮೇಲೆ, "ಅಜ್ಜಿ, ನಾನೂ ಬಡೀತೀನಿ" ಎಂದಳು.

"ಕೈ ತೊಳಕೊಂಡು ಬಾ" ಎಂದರು ಅತ್ತೆ. ಅಷ್ಟೇ.

ಮೊದಲ ರೊಟ್ಟಿ ಅರ್ಧಕ್ಕೇ ಹರಿಯಿತು. ಎರಡನೆಯದು ಹೇಗೋ ಹಂಚಿನವರೆಗೆ ಹೋಯಿತು, ಆದರೆ ಅಂಚೆಲ್ಲ ಬಿರಿದಿತ್ತು. ಬೇಯಿಸಿ ತೆಗೆದ ಅತ್ತೆ, ಮಗುವಿನ ಮುಖವನ್ನೂ ನೋಡದೆ ಅದನ್ನು ಮೊರಕ್ಕೆ ಎಸೆದರು. ನನಗೆ ತಡೆಯಲಾಗಲಿಲ್ಲ.

"ಅತ್ತಿ, ಕೂಸು ಆಸಿಪಟ್ಟು ಮಾಡೈತಿ. ಒಂದರ ಬುಟ್ಟ್ಯಾಗ ಹಾಕ್ರಿ" ಎಂದೆ.

"ಬುಟ್ಟ್ಯಾಗ ಹಾಕೋವಂಗ ಆದ ದಿನ ಹಾಕ್ತೀನಿ" ಎಂದರು ಅತ್ತೆ. ಮಗಳ ಕಡೆ ತಿರುಗಿ, "ಎಸರು ಕುದೀಬೇಕಲೇ. ಕುದಿಯೋ ನೀರು ಹಾಕಿ ನಾದಿದ್ರ ಹಿಟ್ಟಿಗೆ ಜಿಗಿ ಬರ್ತೈತಿ. ನಾಳಿ ಮತ್ತ ಬಾ" ಎಂದರು.

ಮರುದಿನವೂ ಹೋದಳು, ಅದರ ಮರುದಿನವೂ. ಎಲ್ಲವೂ ಮೊರಕ್ಕೆ. ಆಕಳಿಗೆ ಹಬ್ಬವೋ ಹಬ್ಬ, ಮಗಳನ್ನು ಕಂಡರೆ ಹಗ್ಗ ಜಗ್ಗುತ್ತಿತ್ತು. ಬುಟ್ಟಿಯಲ್ಲಿ ತನ್ನದೊಂದು ರೊಟ್ಟಿ ಬೀಳಬೇಕು ಎನ್ನುವುದು ಅವಳಿಗೆ ಹಠವಾಗಿಬಿಟ್ಟಿತು. ಊಟಕ್ಕೆ ಕೂತರೂ ಅದೇ ಮಾತು. ರಜೆ ಮುಗಿಯುತ್ತ ಬಂದಂತೆ ನನಗೆ ಅವಳಿಗಿಂತ ಹೆಚ್ಚು ಸಂಕಟವಾಯಿತು. ಒಂದು ಬೆಳಿಗ್ಗೆ ಅತ್ತೆ ನೀರಿಗೆಂದು ಎದ್ದು ಹೋದಾಗ, ಮೊರದಲ್ಲಿದ್ದ ಅವಳ ರೊಟ್ಟಿಗಳಲ್ಲಿ ಕೊಂಚ ದುಂಡಗಿದ್ದ ಒಂದನ್ನು ಎತ್ತಿ ಬುಟ್ಟಿಯ ತಳದಲ್ಲಿ ತುರುಕಿದೆ.

ಊಟದ ಹೊತ್ತಿಗೆ ಅತ್ತೆ ಬುಟ್ಟಿಗೆ ಕೈ ಹಾಕಿದರು. ಅದನ್ನೇ ಹೊರಗೆಳೆದರು. ನನ್ನನ್ನೊಮ್ಮೆ ನೋಡಿದರು. ಆದರೆ ಬೈದದ್ದು ನನ್ನ ಮಗಳು.

"ಅಮ್ಮ, ಅದು ಬಿರಿದಿತ್ತಲ್ಲ! ನೀ ಯಾಕ ಕದ್ದು ಹಾಕಿದಿ?"

ಕಣ್ಣಲ್ಲಿ ನೀರು ತುಂಬಿಕೊಂಡು, ತಟ್ಟೆ ಬಿಟ್ಟೆದ್ದು, ತಾನೇ ಆ ರೊಟ್ಟಿಯನ್ನು ಹಿತ್ತಲಿಗೆ ಒಯ್ದು ಆಕಳಿಗೆ ಹಾಕಿ ಬಂದಳು. ಅಜ್ಜಿಯ ಮೇಲೆ ಬರಬೇಕಾದ ಸಿಟ್ಟು ನನ್ನ ಮೇಲೆ ಬಂದಿತ್ತು. ಬಳ್ಳಾರಿಗೆ ಬರುವ ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ಮುಖ ಮಾಡಿ ಕೂತಳು, ನಾನು ಮುಂದಿನ ಸೀಟಿನ ಕಡೆ. ಒಳ್ಳೆಯದು ಮಾಡಲು ಹೋಗಿ ಬೈಸಿಕೊಂಡೆನಲ್ಲ ಎಂದು ದಾರಿಯುದ್ದಕ್ಕೂ ನನಗೆ ಅನ್ನಿಸುತ್ತಲೇ ಇತ್ತು.

ಊರಿಗೆ ಬಂದ ಮೇಲೆ ಟೋಪಿ, ಏಪ್ರನ್ ಮೂಲೆ ಸೇರಿದವು. ಸಂಜೆ ಹೋಂವರ್ಕ್ ಮುಗಿದ ಕೂಡಲೇ ಗ್ಯಾಸ್ ಮೇಲೆ ಹಂಚು ಇಡುವುದು ಅವಳ ದಿನಚರಿಯಾಯಿತು. ಕುದಿಯುವ ಎಸರು ಸುರಿಯುವ ಕೆಲಸ ನನ್ನದು, ಉಳಿದದ್ದಕ್ಕೆ ನಾನು ಕೈ ಹಾಕುವಂತಿರಲಿಲ್ಲ. ಫೋಟೊ ತೆಗೆಯಲು ಹೋದರೆ "ಬ್ಯಾಡ, ಇನ್ನೂ ಸರಿಯಾಗಿಲ್ಲ" ಎನ್ನುತ್ತಿದ್ದಳು. ಡಬ್ಬಿಯಲ್ಲಿ ತಿಂಗಳಾನುಗಟ್ಟಲೆ ಇಟ್ಟ ಹಿಟ್ಟಿನಲ್ಲಿ ಜಿಗಿ ಇರುವುದಿಲ್ಲ ಎಂದು ಅಜ್ಜಿಯಿಂದ ಫೋನಿನಲ್ಲಿ ತಿಳಿದುಕೊಂಡು, ನನ್ನನ್ನು ಗಿರಣಿಗೆ ಓಡಿಸಿದಳು. ಕೌಲ್ ಬಜಾರಿನಲ್ಲಿ ರೊಟ್ಟಿ ಕೊಳ್ಳುತ್ತಿದ್ದವಳು ಜೋಳದ ಚೀಲ ಹಿಡಿದು ಗಿರಣಿಯ ಸಾಲಿನಲ್ಲಿ ನಿಂತೆ. ಹಣೆಬರಹ ಎಂದು ನಕ್ಕೆ.

ಗಾಂಧಿನಗರದಲ್ಲಿ ನಮ್ಮದೆಂಬ ಆಕಳಿಲ್ಲ. ಆದರೆ ಒಂದು ಕೊಂಬು ಮುರಿದ ಬೀದಿ ಆಕಳೊಂದು ಹೇಗೋ ಸುಳಿವು ಹಿಡಿಯಿತು. ಸಂಜೆಯಾದರೆ ನಮ್ಮ ಗೇಟಿಗೆ ಬಂದು ನಿಲ್ಲುತ್ತಿತ್ತು. ಮಗಳ ರೊಟ್ಟಿಯನ್ನು ಮಗಳೇ ಎತ್ತಿ, ಬೆಳಕಿಗೆ ಹಿಡಿದು, ಅಂಚು ಸವರಿ ನೋಡಿ, ತೀರ್ಪು ಕೊಟ್ಟು, ಗೇಟಿಗೆ ಒಯ್ಯುತ್ತಿದ್ದಳು. ಚೆನ್ನಾಗಿ ಆಗಿದೆಯೆಂದು ನನಗನ್ನಿಸಿದವೂ ಹೋದವು. ನನ್ನವರು ಮಾತ್ರ ತಟ್ಟೆ ಮುಂದಿಟ್ಟುಕೊಂಡು, "ಆಕಳಿಗೆ ಹಾಕೋದರೊಳಗ ಒಂದು ನನಗೂ ಹಾಕ್ರಿ" ಎಂದು ಬೇಡಿಕೊಳ್ಳುತ್ತಿದ್ದರು.

ಬೇಸಿಗೆಗೆ ಮುಂಚೆ ಅತ್ತೆಗೆ ಕಣ್ಣಿನ ಪೊರೆ ತೆಗೆಸಬೇಕಾಯಿತು. ಆಪರೇಷನ್ ಬಳ್ಳಾರಿಯಲ್ಲೇ ಆಯಿತು. ಬೆಂಕಿ, ಹೊಗೆಯ ಹತ್ತಿರ ಸುಳಿಯಬಾರದೆಂದು ಡಾಕ್ಟರು ಹೇಳಿದ್ದರಿಂದ ನಮ್ಮ ಮನೆಯಲ್ಲೇ ಉಳಿದರು. ಕರಿ ಕನ್ನಡಕ ಹಾಕಿಕೊಂಡು ಅಡುಗೆ ಮನೆಯ ಬಾಗಿಲಾಚೆ ಕುರ್ಚಿಯಲ್ಲಿ ಕೂತರೆ ಪೊಲೀಸ್ ಅಧಿಕಾರಿಯಂತೆ ಕಾಣುತ್ತಿದ್ದರು. ಕೌಲ್ ಬಜಾರಿನ ರೊಟ್ಟಿ ಕೊಟ್ಟರೆ ಒಂದು ತುತ್ತು ಮುರಿದು, "ಚೊಲೋ ಅದಾವು ಬಿಡು" ಎಂದು ತಟ್ಟೆ ಸರಿಸುತ್ತಿದ್ದರು.

ಇದನ್ನು ಕಂಡ ಮಗಳು ಒಂದು ಸಂಜೆ ಅಜ್ಜಿಗೆಂದೇ ಹಿಟ್ಟು ನಾದಿದಳು. ಅಜ್ಜಿ ಕಣ್ಣು ಮುಚ್ಚಿ ಕೂತಿದ್ದರು. ಬೆಂದ ರೊಟ್ಟಿಯನ್ನು ಮಗಳು ಅಜ್ಜಿಯ ಕೈಗೆ ಇಟ್ಟಳು. ಅತ್ತೆ ಅದರ ಅಂಚಿನ ಸುತ್ತ ಬೆರಳಾಡಿಸಿದರು. ಹೇಳಿಬಿಡಲಿ, ಒಂದು ಸಲ ಚೆನ್ನಾಗಿದೆ ಎಂದುಬಿಡಲಿ, ಇವರ ಗಂಟೇನು ಹೋಗುತ್ತದೆ ಎಂದು ಮನಸ್ಸಿನಲ್ಲೇ ಬಡಿದಾಡಿದೆ.

"ಒಂದು ಕಡೀಗೆ ದಪ್ಪ ಐತಿ. ಆಕಳಿಗೆ" ಎಂದರು.

ಮಗಳು ಕೈ ಚಾಚಿದಳು. ಅತ್ತೆ ಕೊಡಲಿಲ್ಲ. ರೊಟ್ಟಿಯನ್ನು ಚೂರು ಚೂರು ಮುರಿದು, "ಒಂದು ಬಟ್ಟಲಾಗ ಹಾಲು ತಾ" ಎಂದರು. "ಕುರುಗೋಡಾಗಿನ ಆಕಳು ಅಲ್ಲೇ ಐತಿ. ಇಲ್ಲಿ ನಾನಽ ಆಕಳು." ಹಾಲಿನಲ್ಲಿ ನೆನೆಸಿ ಪೂರ್ತಿ ತಿಂದರು. ಬಟ್ಟಲನ್ನು ಬೆರಳಿನಿಂದ ಬಳಿದರು. ಮಗಳು ಬಿದ್ದು ಬಿದ್ದು ನಕ್ಕಳು. ಬೀದಿಯ ಆಕಳು ಆ ಸಂಜೆ ಗೇಟಿನ ಹತ್ತಿರ ಕಾದು ಕಾದು ಹೋಯಿತು.

ಅಂದಿನಿಂದ ದಿನವೂ ಹೀಗೆಯೇ ನಡೆಯಿತು. "ನೀರು ಸವರಿದ್ದು ತಡ ಆತು", "ನಡುವ ಒತ್ತಬ್ಯಾಡ, ಅಂಚು ಬಡಿ" ಎಂದು ಒಂದೊಂದು ರೊಟ್ಟಿಗೆ ಒಂದೊಂದು ಮಾತು, ಆಮೇಲೆ ಒಂದು ಬಟ್ಟಲು ಹಾಲು. ಮಗಳು ಒಂದು ಸಲವೂ ಮುಖ ಸಣ್ಣ ಮಾಡಲಿಲ್ಲ. ನನ್ನ ಅಷ್ಟೂ ಸೂಪರ್‌ಗಳಿಗೆ ಬರದ ಹೊಳಪು ಆ ತಪ್ಪು ಹಿಡಿಯುವ ಮಾತುಗಳಿಗೆ ಅವಳ ಕಣ್ಣಲ್ಲಿ ಬರುತ್ತಿತ್ತು. ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಹೇಳಲಿ.

ಒಂದು ಸಂಜೆ ನಾನು ಆಫೀಸಿನಿಂದ ಬಂದಾಗ ಮನೆ ತಣ್ಣಗಿತ್ತು. ಅತ್ತೆ ಕುರ್ಚಿಯಲ್ಲಿ, ಮಗಳು ಅವರ ಕಾಲ ಬಳಿ, ಅಂದು ಎಸರು ಸುರಿದುಕೊಟ್ಟ ನನ್ನವರು ಬಾಗಿಲಲ್ಲಿ. ಅಜ್ಜಿ ಮೊಮ್ಮಗಳ ನಡುವೆ ನಾನು ಬೆಳ್ಳುಳ್ಳಿ ಹಾಕಿಡುವ ಬೆತ್ತದ ಬುಟ್ಟಿ. ಅದರಲ್ಲಿ ಬಿಳಿ ಕರವಸ್ತ್ರ ಹಾಸಿ, ಮೇಲೊಂದು ರೊಟ್ಟಿ ಇಟ್ಟಿದ್ದರು. ತೆಳ್ಳಗೆ, ದುಂಡಗೆ, ಅಂಚು ಎಲ್ಲೂ ಬಿರಿದಿರಲಿಲ್ಲ.

"ನಾನು ಕೇಳಿಲ್ಲಮ್ಮ. ಅಜ್ಜಿ ತಾವಽ ಬುಟ್ಟಿ ತರಾಕ ಹೇಳಿದ್ರು" ಎಂದಳು ಮಗಳು, ಪಿಸುಮಾತಿನಲ್ಲಿ.

ನಾನು ಅವಳನ್ನು ಎಳೆದು ಅಪ್ಪಿಕೊಂಡೆ. ಫೋನು ತೆಗೆಯಬೇಕೆಂದು ನೆನಪೇ ಆಗಲಿಲ್ಲ. ಆ ರೊಟ್ಟಿಯನ್ನು ನಾಲ್ಕು ಭಾಗ ಮಾಡಿ ಎಲ್ಲರೂ ತಿಂದೆವು, ಜೊತೆಗೆ ಶೇಂಗಾ ಚಟ್ನಿಪುಡಿ, ಮೊಸರು. ನನ್ನ ಪಾಲಿನದನ್ನು ನಾನು ನಿಧಾನವಾಗಿ ಅಗಿದೆ.

ತಿಂದು ಕೈ ತೊಳೆದ ಮೇಲೆ ಮಗಳು ಉಳಿದ ಹಿಟ್ಟಿನಿಂದ ಒಂದು ಉಂಡೆ ಮಾಡಿ ನನ್ನ ಮುಂದೆ ಇಟ್ಟಳು.

"ಈಗ ನೀನು ಬಡಿ."

"ನನಗ ಬರಲ್ಲ, ನಾನು ಅನ್ನದ ಊರಾಕಿ" ಎಂದೆ. ಅತ್ತೆ ಕರಿ ಕನ್ನಡಕದ ಹಿಂದೆ ನಕ್ಕದ್ದು ನನಗೆ ಗೊತ್ತಾಯಿತು. ಆದರೂ ಕೂತೆ. ಎಷ್ಟೋ ವರ್ಷಗಳ ಮೇಲೆ ಅಂಗೈಗೆ ಹಿಟ್ಟು ಮೆತ್ತಿತು. ನನ್ನ ರೊಟ್ಟಿ ಹಂಚಿನ ಮೇಲೆ ಒಂದು ಕಡೆ ಉಬ್ಬಿ, ಇನ್ನೊಂದು ಕಡೆ ಪುಸ್ಸೆಂದಿತು. ಮಗಳು ಅದನ್ನು ಕೈಗೆತ್ತಿಕೊಂಡು, ಅಜ್ಜಿಯ ಹಾಗೆಯೇ ಅಂಚಿನ ಸುತ್ತ ಬೆರಳಾಡಿಸಿದಳು. ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಸೂಪರ್ ಎನ್ನುತ್ತಾಳೇನೋ ಎಂದು ಒಂದು ಗಳಿಗೆ ಆಸೆಯಾಯಿತು.

"ಇಲ್ಲಿ ಬಿರದೈತಮ್ಮ. ಆಕಳಿಗೆ" ಎಂದಳು. ಬಾಗಿಲವರೆಗೆ ಹೋದವಳು ಅಲ್ಲೇ ನಿಂತಳು. ತಿರುಗಿ ಬಂದು ಫ್ರಿಜ್ಜಿನಿಂದ ಹಾಲು ತೆಗೆದಳು, ಬಟ್ಟಲಿಗೆ ಸುರಿದಳು, ನನ್ನ ರೊಟ್ಟಿಯನ್ನು ಅದರಲ್ಲಿ ಮುರಿದು ಹಾಕಿಕೊಂಡು ಅಜ್ಜಿಯ ಕಾಲ ಬಳಿ ಕೂತು ತಿನ್ನತೊಡಗಿದಳು.

"ನಾಳಿ ಎಸರು ಚೆಂದಗ ಕುದಿಸಮ್ಮ" ಎಂದಳು, ಬಾಯಿತುಂಬ ರೊಟ್ಟಿ ಇಟ್ಟುಕೊಂಡೇ.