ಕೇಬಲ್ಲಿಗೆ ಕೇಳಿಸದ ಸಿಳ್ಳು

ಇವತ್ತು ಬೆಳಿಗ್ಗೆ ಒಲೆಯ ಪಕ್ಕದಲ್ಲೇ ಕೂತು ಅವರೆಕಾಯಿ ಸುಲಿಯುತ್ತಿದ್ದೆ. ಹಿತ್ತಿಲಿನಿಂದ ಸೊಸೆ ಓಡಿಬಂದಳು. "ಕುಕ್ಕರು ಸುಯ್ ಅಂತಾ ಅದೆ, ಕೇಳಿಸ್ನಿಲ್ವಾ ಮಾವ?" ನಿಜಕ್ಕೂ ಕೇಳಿಸಿರಲಿಲ್ಲ. ಮುದಿ ಕಿವಿಗೆ ಇಂಥ ಸಣ್ಣ ದನಿಗಳೇ ಮೊದಲು ತಪ್ಪಿಹೋಗುತ್ತವಂತೆ. ಇರಲಿ, ಅದು ವಯಸ್ಸು. ಆದರೆ ಕಿವಿ ನೆಟ್ಟಗಿದ್ದಾಗಲೂ ಒಮ್ಮೆ ಕಿವುಡನಾಗಿದ್ದೆ. ಅದನ್ನು ನಿಮಗೆ ಹೇಳಬೇಕು.

ಕೆಲವು ವರ್ಷದ ಹಿಂದಿನ ಮಾತು. ಶ್ರೀರಂಗಪಟ್ಟಣದ ಕಡೆಯಿಂದ ನಾಗಮಂಗಲಕ್ಕೆ ಹೊಳೆ ನೀರು ಒಯ್ಯುವ ಪೈಪಿನ ಪಂಪ್‌ಹೌಸಿನಲ್ಲಿ ನನಗೆ ಕೆಲಸ. ಪೈಪಿನ ಮಗ್ಗುಲಲ್ಲಿ ಹೂತಿದ್ದ ಗಾಜಿನೆಳೆಯ ಕೇಬಲ್ಲು ನೆಲದ ಅದುರನ್ನು ಕೇಳಿ ಪರದೆಯ ಮೇಲೆ ಗೆರೆ ಎಳೆಯುತ್ತಿತ್ತು. ಎಸ್ಸೆಸ್ಸೆಲ್ಸಿ ಪಾಸಾದವನೆಂದು ಪರದೆ ನೋಡುವ ಕುರ್ಚಿ ನನಗೆ. ಗೆಳೆಯ ಕೆಂಚಪ್ಪನಿಗೆ ಪೈಪಿನ ಗುಂಟ ನಡೆಯುವ ಕೆಲಸ. ಅವನು ವಾಲ್ವಿನ ಮೇಲೆ ಕಬ್ಬಿಣದ ಸರಳೂರಿ, ಇನ್ನೊಂದು ತುದಿಗೆ ಕಿವಿ ಹಚ್ಚಿ ಸೋರಿಕೆ ಹುಡುಕುತ್ತಿದ್ದ. ನನಗದು ನಗೆಪಾಟಲು. ಕುರ್ಚಿ ಎಂಥದ್ದು ನೋಡಿ, ಕೂತ ವಾರಕ್ಕೇ ಸಾಹೇಬರಂತೆ ಕೆಮ್ಮಲು ಕಲಿತಿದ್ದೆ.

ತರಬೇತಿ ಕೊಟ್ಟ ಎಂಜಿನಿಯರಮ್ಮ ಬಿಡಿಸಿ ಹೇಳಿದ್ದರು. ಒಂದು ಬೆಳಕಿನ ತುಣುಕು ಕೇಬಲ್ಲಿನ ಕೊನೆ ಮುಟ್ಟಿ, ಅದರ ಸುದ್ದಿ ವಾಪಸ್ಸು ಬಂದ ಮೇಲೆಯೇ ಇನ್ನೊಂದನ್ನು ಬಿಡಬೇಕು. ಕೇಬಲ್ಲು ಉದ್ದವಾದಷ್ಟೂ ಅದು ಸೆಕೆಂಡಿಗೆ ಕೇಳುವ ಸಲ ಕಡಿಮೆ. ಗುದ್ದಲಿ, ಟ್ರಾಕ್ಟರುಗಳ ದಪ್ಪ ಅದುರು ಸಿಗುತ್ತದೆ. ಬಿರುಕಿನಿಂದ ಏಳುವ ಸಣ್ಣ ಸಿಳ್ಳು ತೀರಾ ಚುರುಕಾಗಿ ಅದುರುವುದರಿಂದ ಇಷ್ಟು ಉದ್ದದ ಲೈನಿನಲ್ಲಿ ಸಿಗುವುದಿಲ್ಲ. ನಾನು ಬರೆದುಕೊಂಡು, ತಲೆಯನ್ನೂ ಆಡಿಸಿದ್ದೆ.

ಒಂದು ದಿನ ಕೆಂಚಪ್ಪ ಫೋನು ಮಾಡಿದ. "ಪೈಪೊಳಗೆ ಸೀಟಿ ಊದ್ದಂಗೆ ಕೇಳ್ತಾ ಅದೆ ಕಣ್ಲಾ. ಬರ್ಕೊ."

ಪರದೆ ಖಾಲಿಯಿತ್ತು. "ಮಿಷನ್ನಿಗೆ ಕೇಳ್ದೆ ಇರೋದು ನಿಂಗೆ ಕೇಳ್ತಾ? ಕಿವೀಲಿ ಸೊಳ್ಳೆ ಒಕ್ಕಿರ್ಬೇಕು ನೋಡ್ಲಾ!"

"ಸೊಳ್ಳೆ ಆಗ್ಲಿ ಆನೆ ಆಗ್ಲಿ, ಬರ್ಕೊಳ್ಲಾ ಮೊದ್ಲು."

ಅವನು ಫೋನಿನಲ್ಲಿ ಹೇಳಿದ್ದನ್ನೆಲ್ಲ ದಿನಚರಿ ಪುಸ್ತಕಕ್ಕೆ ಏರಿಸುವುದು ನನ್ನ ಕೆಲಸ. ಬರೆಯಲಿಲ್ಲ. ವಾರ ಕಳೆಯುವುದರೊಳಗೆ ಪೈಪು ಅಲ್ಲೇ ಒಡೆದು ಯಾರದೋ ರಾಗಿ ಹೊಲ ಕೊಚ್ಚಿಹೋಯಿತು. ಅಧಿಕಾರಿ ನನ್ನ ಪುಸ್ತಕ ತಿರುವಿ, "ಏನೂ ಬರೆದಿಲ್ಲ. ನಡೆಯೋನು ಮರದಡಿ ಮಲಗಿದ್ದಾನೆ," ಎಂದರು. ಕೆಂಚಪ್ಪ ನನ್ನ ಮುಖ ನೋಡಿದ. ನಾನು ಪರದೆ ನೋಡಿದೆ. ಅಂದೇ ಅವನ ಕೆಲಸ ಹೋಯಿತು. ಎಂಜಿನಿಯರಮ್ಮನ ಮಾತು ಬರೆದಿದ್ದ ಹಾಳೆಯನ್ನು ನಾನು ಯಾರ ಕಣ್ಣಿಗೂ ಬೀಳದಂತೆ ಹರಿದು ಜೇಬಿಗಿಟ್ಟುಕೊಂಡೆ.

ಸೊಸೆಯ ಕುಕ್ಕರಿನ ಮಾತು ಇದನ್ನೆಲ್ಲ ಕೆದಕಿತು. ಇವತ್ತು ಮಧ್ಯಾಹ್ನ ಬಸ್ಸು ಹತ್ತಿ ದೇವಲಾಪುರದ ಅವನ ಮನೆಗೆ ಹೋದೆ. ಹಸುವಿಗೆ ಹುಲ್ಲು ಹಾಕುತ್ತಿದ್ದ. ನಿಂತಲ್ಲೇ ಎಲ್ಲವನ್ನೂ ಹೇಳಿದೆ. ಅವನು ಬೈಯಲಿಲ್ಲ, ಬೈದಿದ್ದರೆ ಹಗುರಾಗುತ್ತಿತ್ತು.

"ನಂಗ್ಯಾಕ್ಲಾ ಏಳ್ತೀಯ? ನಂಗೆ ಗೊತ್ತಿರೋದೇಯ. ನಮ್ಮೆಂಡ್ರು ಇವತ್ಗೂವೆ ನಾನು ಮರದಡಿ ಮನಗಿದ್ದೆ ಅಂತ್ಲೇ ತಿಳ್ಕಂಡವ್ಳೆ. ಅವ್ಳಿಗೇಳು." ಒಳಕ್ಕೆ ಮುಖ ಮಾಡಿ ಕೂಗಿದ: "ಲೇ ಇವ್ಳೇ, ಬಾ ಇಲ್ಲಿ."

ಆಕೆ ಸೆರಗಿಗೆ ಕೈ ಒರೆಸುತ್ತ ಬಂದರು. "ಬನ್ನಿ ಅಣ್ಣ, ಕೂತ್ಕಳಿ. ಕಾಪಿ ತತ್ತೀನಿ."

ನಾನು ಕೂರಲಿಲ್ಲ. "ಮೊದ್ಲು ನನ್ ಮಾತು ಕೇಳವ್ವ," ಎಂದೆ. "ಆಮೇಲೂ ಕೊಡ್ಬೇಕು ಅನ್ಸಿದ್ರೆ ಕೊಡು."